ಜಿಲೇಬಿ ಮೀನಿನ ತವರು ಯಾವುದು?

ಮಕ್ಕಳೇ, ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ದಡದ ಕೆಸರಿನಲ್ಲಿ ತಟ್ಟೆಯಂತಹ ದುಂಡನೆಯ ಗುಂಡಿಗಳನ್ನು ನೋಡಿದ್ದೀರಾ? ಅವು ಎಮ್ಮೆಯ ಹೆಜ್ಜೆಗಳಲ್ಲದೆ ಇರಬಹುದು. ಗಂಡು ಜಿಲೇಬಿ ಮೀನು ಬಾಯಿಯಿಂದ ತೋಡುವ ಗೂಡುಗಳು ಹೀಗೆಯೇ ಇರುತ್ತವೆ.

ಜಿಲೇಬಿಯ ಇನ್ನೊಂದು ಹೆಸರು ತಿಲಾಪಿಯಾ. ಆಫ್ರಿಕಾದ ಮೊಜಾಂಬಿಕ್ ಕಡೆಯ ನದಿಗಳು ಇದರ ತವರು. ಜನರಿಗೆ ಹೆಚ್ಚು ಆಹಾರ ಸಿಗಲೆಂದು 1952ರಲ್ಲಿ ಇದನ್ನು ಭಾರತಕ್ಕೆ ತಂದರು.

ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಕೂಡ ಗಂಗಾ ಬಯಲಿನಿಂದ ಬಂದವೇ! ಆದರೆ ಅವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಆದ್ದರಿಂದ ಮರಿಗಳನ್ನು ಮತ್ತೆ ಮತ್ತೆ ತಂದು ಬಿಡಬೇಕಾಗುತ್ತದೆ. ಜಿಲೇಬಿಗೆ ಆ ತೊಂದರೆ ಇಲ್ಲ. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು, ವರ್ಷಕ್ಕೆ ಹಲವು ಬಾರಿ ಮೊಟ್ಟೆ ಇಡುತ್ತದೆ. ತಾಯಿ ಮೊಟ್ಟೆಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಮರಿಗಳು ಹೊರಬಂದ ಮೇಲೂ ಅಪಾಯ ಕಂಡರೆ ಸರಕ್ಕನೆ ತಾಯಿಯ ಬಾಯಿಗೆ ನುಗ್ಗುತ್ತವೆ. ಹೀಗಾಗಿ ಸಾಯುವ ಮರಿಗಳು ಕಡಿಮೆ.

ಕೆರೆ ತುಂಬ ಜಿಲೇಬಿಯಾದರೆ ಏನಾಗುತ್ತದೆ? ಪಾಚಿ, ಹುಳು, ಬೇರೆ ಮೀನಿನ ಮೊಟ್ಟೆ, ಎಲ್ಲವನ್ನೂ ಅವು ತಿನ್ನುತ್ತವೆ. ನಮ್ಮ ಪಕ್ಕೆ, ಗೆಂಡೆಗಳಿಗೆ ಉಳಿಯುವುದು ಸ್ವಲ್ಪವೇ. ಆಹಾರ ಸಾಲದೆ ಜಿಲೇಬಿಗಳೂ ಅಂಗೈಯಷ್ಟಕ್ಕೇ ನಿಲ್ಲುತ್ತವೆ. ರಾಜಸ್ಥಾನದ ಜೈಸಮಂದ್ ಸರೋವರದಲ್ಲಿ ಜಿಲೇಬಿ ಬಂದ ಮೇಲೆ ದೊಡ್ಡ ಗೆಂಡೆಗಳ ಸರಾಸರಿ ತೂಕವೇ ಇಳಿಯಿತು.

ಕೆರೆಯ ಮೀನು ಕೆರೆಯಲ್ಲೇ ಇರುತ್ತದಲ್ಲ ಎನ್ನಬೇಡಿ. ಮಳೆಗಾಲದಲ್ಲಿ ಕೋಡಿ ಬಿದ್ದರೆ ನೀರಿನೊಂದಿಗೆ ಮರಿಗಳೂ ಹಳ್ಳಕ್ಕೆ ಇಳಿಯುತ್ತವೆ. ಹಳ್ಳ ಹೇಮಾವತಿಗೆ, ಹೇಮಾವತಿ ಕಾವೇರಿಗೆ. ಒಮ್ಮೆ ಹೊಳೆ ಸೇರಿದ ಮೀನನ್ನು ಯಾವ ಬಲೆಯೂ ಪೂರ್ತಿ ಹಿಡಿಯಲಾರದು. ಕೆರೆಯಲ್ಲಾದರೆ ಜಿಲೇಬಿ ಮರಿಗಳನ್ನು ನುಂಗಲು ನಮ್ಮದೇ ಕೊರವ ಮೀನು ಇದೆ, ಅದನ್ನು ಪೂರ್ತಿ ಹಿಡಿದು ಮುಗಿಸದಿದ್ದರೆ.