ಐದು ಮನೆಯ ಶಬ್ದ

ಕನ್ನಡದಲ್ಲಿ ನಾವು ನುಡಿದಂತೆ ಬರೆಯುವೆವು, ಬರೆದಂತೆ ಓದುವೆವು. ಇಂಗ್ಲೀಷಿನಲ್ಲಾದರೋ ಕಿವಿಯನ್ನು ನಂಬಿ ಬರೆಯಹೊರಟವನು ಕೆಡುವನು. ಮನೆ ಕಟ್ಟಲು ಕೊಳ್ಳುವ ಸೈಟಿಗೆ ಆ ಭಾಷೆಯಲ್ಲಿ ನಾಲ್ಕು ಅಕ್ಷರ. ಕಣ್ಣಿನ ನೋಟವೆಂಬರ್ಥದ ಸೈಟಿಗೆ ಐದು. ಕಿವಿಗೆ ಎರಡೂ ಒಂದೇ. ದೀಪವೆಂಬರ್ಥದ ಲೈಟಿನ ನಡುವೆ ಜಿ, ಎಚ್ ಎಂಬ ಎರಡು ಅಕ್ಷರಗಳು ಬಾಯಿಬಿಡದೆ ಕುಳಿತಿರುವುವು. ಇವನ್ನೆಲ್ಲ ಉರುಹೊಡೆದು ಕಲಿಯಬೇಕಾದ ಮಕ್ಕಳ ಪಾಡು ಯಾವ ಗೃಹಸ್ಥರಿಗೆ ತಿಳಿಯದು? ಈ ಕಷ್ಟವನ್ನು ಎಷ್ಟೋ ಹಗುರಮಾಡಬಲ್ಲ ವಿನೋದವೊಂದನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುವೆವು. ಇಷ್ಟು ಮನೆ, ಇಂತಿಂಥ ಅಕ್ಷರ ಎಂದು ಗೊತ್ತುಮಾಡಿಕೊಂಡು, ಅದಕ್ಕೊಪ್ಪುವ ಇಂಗ್ಲೀಷ್ ಶಬ್ದವನ್ನು ಹುಡುಕುವುದೇ ಆ ವಿನೋದ.

ಇದು ನೆನ್ನೆ ಮೊನ್ನೆಯದಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ಆರ್ಥರ್ ವಿನ್ ಎಂಬವರು 1913ನೆಯ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಪದಬಂಧವೊಂದನ್ನು ಪ್ರಕಟಿಸಿದರು. ಇಂದಿನ ಪದಬಂಧಗಳಿಗೆ ಅದೇ ಮೂಲವೆಂದು ಎಣಿಸುವರು. ಆ ಸಂತತಿಯಲ್ಲಿ ಈಚೆಗೆ ಹೆಸರಾದುದು ‘ವರ್ಡಲ್’. ಜಾಷ್ ವಾರ್ಡಲ್ ಎಂಬ ಕಂಪ್ಯೂಟರ್ ತಂತ್ರಜ್ಞರು ತಮ್ಮ ಸಂಗಾತಿ ಪಲಕ್ ಷಾ ಅವರ ಸಂತೋಷಕ್ಕಾಗಿ ರಚಿಸಿದ ಈ ಆಟವನ್ನು 2021ನೆಯ ನವೆಂಬರ್ 1ರಂದು ಆಡಿದವರು 90 ಮಂದಿ. 2022ನೆಯ ಜನವರಿ 2ರಂದು ಆಡಿದವರು ಸುಮಾರು ಮೂರು ಲಕ್ಷ. ಅದೇ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯವರು ಅದನ್ನು ಕೊಂಡುಕೊಂಡರು. ಐದಕ್ಷರದ ಗುಪ್ತಶಬ್ದವನ್ನು ಆರು ಪ್ರಯತ್ನಗಳೊಳಗೆ ಕಂಡುಹಿಡಿಯಬೇಕೆಂಬುದೇ ಅದರ ನಿಯಮ. ನಾವು ಬರೆದ ಅಕ್ಷರವು ಸರಿಯಾದ ಮನೆಯಲ್ಲಿದ್ದರೆ ಹಸುರು, ಶಬ್ದದಲ್ಲಿದ್ದೂ ಮನೆ ತಪ್ಪಿದ್ದರೆ ಹಳದಿ, ಶಬ್ದದಲ್ಲೇ ಇಲ್ಲವಾದರೆ ಬೂದುಬಣ್ಣ ಕಾಣುವುದು.

ಸಾವಿರಾರು ಶಬ್ದ ಬಲ್ಲವರಿಗಷ್ಟೇ ಇದು ಸಾಧ್ಯವೆಂದು ಹಲವರು ಹಿಂಜರಿಯುವರು. ವಾಸ್ತವದಲ್ಲಿ ಶಬ್ದಭಂಡಾರಕ್ಕಿಂತ ಮಿಗಿಲಾಗಿ ಬೇಕಾದುದು ಅಕ್ಷರಗಳ ನಡತೆಯ ಪರಿಚಯ. ಅಕ್ಷರಗಳಿಗೂ ಮನುಷ್ಯರಂತೆ ನಂಟು, ಒಡನಾಟಗಳುಂಟು. ಆಲ್‌ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿಯು 1930ರ ದಶಕದಲ್ಲಿ ಉದ್ಯೋಗವಿಲ್ಲದಿದ್ದಾಗ, ವೃತ್ತಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುವುದೆಂದು ಎಣಿಸಿ, ಮುಂದೆ ‘ಸ್ಕ್ರ್ಯಾಬಲ್’ ಎಂದು ಹೆಸರಾದ ಆಟವನ್ನು ಕಟ್ಟಿದರು. ಅದರ 100 ಬಿಲ್ಲೆಗಳಲ್ಲಿ ಇ ಅಕ್ಷರದವು 12. ಕ್ಯೂ ಅಕ್ಷರದ್ದು ಒಂದೇ ಒಂದು. ಆ ಕ್ಯೂ ಬಂದಿತೆಂದರೆ ಅದರ ಬೆನ್ನಿಗೇ ಯು ಬರುವುದು ಬಹುಮಟ್ಟಿಗೆ ನಿಶ್ಚಯ. ಎರಡನೆಯ ಮನೆಯಲ್ಲಿ ಎಚ್ ಕಂಡರೆ, ಮೊದಲ ಮನೆಯಲ್ಲಿ ಸಿ, ಎಸ್, ಟಿ, ಡಬ್ಲ್ಯು ಇವುಗಳಲ್ಲೊಂದು ಇರುವ ಸಂಭವವೇ ಹೆಚ್ಚು. ಕುಳಿತುಕೊಳ್ಳುವ ಚೇರು, ತೊಡುವ ಶರ್ಟು, ಉರುಳುವ ವೀಲು ಇವು ಮೂರರಲ್ಲಿಯೂ ಎಚ್ ಎರಡನೆಯ ಮನೆಯಲ್ಲೇ ಇರುವುದು.

ಉದಾಹರಣೆಯೊಂದನ್ನು ನೋಡೋಣ. ಕೊನೆಯ ನಾಲ್ಕು ಮನೆಗಳಲ್ಲಿ ಐ, ಜಿ, ಎಚ್, ಟಿ ಹಸುರಾಗಿರುವುವು. ಮೊದಲ ಮನೆ ಮಾತ್ರ ಬರಿದು. ಗೆದ್ದೆವೆಂದು ಹಿಗ್ಗುವುದು ಸಹಜ. ಆದರೆ ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಎಂದು ದಿನಬಳಕೆಯ ಶಬ್ದಗಳೇ ಎಂಟುಂಟು. ಒಂದೊಂದನ್ನಾಗಿ ಪರೀಕ್ಷಿಸುತ್ತ ಹೋದರೆ ಪ್ರಯತ್ನಗಳೇ ತೀರಿಹೋಗುವುವು. ಜಾಣರು ಹಾಗೆ ಮಾಡರು. ಉತ್ತರವಲ್ಲವೆಂದು ತಿಳಿದೂ ‘ಫಿಲ್ಮ್ಸ್’ ಎಂದು ಬರೆಯುವರು. ಅದರಲ್ಲಿ ಎಫ್, ಎಲ್, ಎಮ್, ಎಸ್ ನಾಲ್ಕೂ ಇರುವುದರಿಂದ, ಅವುಗಳಲ್ಲಿ ಹಸುರೋ ಹಳದಿಯೋ ಆದುದೇ ಮೊದಲಕ್ಷರ. ಒಂದೂ ಆಗದಿದ್ದರೆ ಉಳಿದವು ನಾಲ್ಕೇ ಶಬ್ದ. ಆಗ ಪ್ರವೇಶಿಸು ಎಂಬರ್ಥದ ‘ಎಂಟರ್’ ಬರೆದರೆ, ಇ, ಎನ್, ಆರ್‌ಗಳಲ್ಲಿ ಬಣ್ಣವೇರಿದುದೇ ಮೊದಲಕ್ಷರ. ಮೂರೂ ಬೂದಾದರೆ ಮೊದಲಕ್ಷರ ಟಿ. ಹೀಗೆ ಎಂಟರಲ್ಲಿ ಯಾವುದಾದರೂ ಸರಿ, ಮೂರನೆಯ ಪ್ರಯತ್ನಕ್ಕೆ ಕೈಗೆ ಸಿಕ್ಕುವುದು. ಉತ್ತರವಾಗದ ಶಬ್ದವೂ ವ್ಯರ್ಥವಲ್ಲ. ಅದು ಏನನ್ನು ತಿಳಿಸಿತೆಂಬುದೇ ಮುಖ್ಯ.

ಈಗ ಮನೆಗಳ ಸಂಖ್ಯೆಯನ್ನೂ ಗೊತ್ತಿರುವ ಅಕ್ಷರಗಳನ್ನೂ ತುಂಬಿದೊಡನೆ, ಒಪ್ಪುವ ಶಬ್ದಗಳನ್ನೆಲ್ಲ ಸಾಲಾಗಿ ನಿಲ್ಲಿಸುವ ಜಾಲತಾಣಗಳು ಬಂದಿರುವುವು. ಅವನ್ನು ನಾವು ದೂಷಿಸೆವು. ನಿಘಂಟಿನಂತೆ ಅವೂ ಉಪಕಾರಿಯೇ. ಆದರೆ ಮಕ್ಕಳು ಮೊದಲೇ ಅಲ್ಲಿಗೆ ಓಡಿದರೆ ಶಬ್ದ ದೊರೆಯುವುದು, ಶಬ್ದವನ್ನು ಹುಡುಕುವ ಶಕ್ತಿ ದೊರೆಯದು. ಪರೀಕ್ಷೆಯ ಕೊಠಡಿಯಲ್ಲಿ ಲೇಖನಿ ಹಿಡಿದು ಕುಳಿತಾಗ ಆ ಪಟ್ಟಿ ಜೊತೆಗೆ ಬಾರದು. ಅಕ್ಷರಗಳ ಒಡನಾಟವನ್ನು ಕಂಡುಕೊಂಡ ಬುದ್ಧಿ ಬರುವುದು.

ಇದಕ್ಕೆ ಯಂತ್ರವೂ ಬೇಡ, ವೆಚ್ಚವೂ ಬೇಡ. ರಾತ್ರಿ ಊಟವಾದ ಮೇಲೆ ಒಂದು ಕಾಗದ, ಒಂದು ಪೆನ್ಸಿಲು ಸಾಕು. ತಾಯಿಯಾಗಲಿ ತಂದೆಯಾಗಲಿ ಐದಕ್ಷರದ ಶಬ್ದವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ಮನೆ ಬರೆಯಲಿ. ಮಕ್ಕಳು ಹೇಳಿದ ಶಬ್ದದಲ್ಲಿ ಸರಿಯಾದ ಮನೆಯಲ್ಲಿರುವ ಅಕ್ಷರಕ್ಕೆ ಸೊನ್ನೆ ಸುತ್ತಲಿ. ಮನೆ ತಪ್ಪಿದುದಕ್ಕೆ ಅಡಿಗೆರೆ ಎಳೆಯಲಿ. ಈ ಅಕ್ಷರವನ್ನೇ ಏಕೆ ಆರಿಸಿದೆ ಎಂದು ಪ್ರತಿಸಲವೂ ಕೇಳುವುದನ್ನು ಮಾತ್ರ ಮರೆಯಬಾರದು. ಆಟ ಮುಗಿದ ಮೇಲೆ ಬೇಕಾದರೆ ಪಟ್ಟಿಯನ್ನು ತೆರೆದು, ನೆನಪಿಗೆ ಬಾರದೆ ಹೋದ ಶಬ್ದಗಳನ್ನು ಓದಿ ಅರ್ಥ ತಿಳಿದುಕೊಳ್ಳಲಿ. ದಿನಕ್ಕೊಂದು ಶಬ್ದದಂತೆ ಕಲಿತರೂ ವರ್ಷಕ್ಕೆ 365 ಆಗುವುವು. ಬೆತ್ತವಿಲ್ಲದೆ, ಕಣ್ಣೀರಿಲ್ಲದೆ ಬಂದ ವಿದ್ಯೆ ಅದು.