ಪಶ್ಚಿಮ ಹೈಲ್ಯಾಂಡಿನ ಬಿಳಿಯ ಟೆರಿಯರ್: ಲಕ್ಷಣ, ಪಾಲನೆ ಮತ್ತು ಆನುವಂಶಿಕ ರೋಗಗಳು

ನಾಯಿಯ ತಳಿಯೊಂದನ್ನು ಅರಿಯಬೇಕಾದರೆ ಅದರ ರೂಪಕ್ಕಿಂತ ಮೊದಲು ಅದರ ಕಸುಬನ್ನು ವಿಚಾರಿಸುವುದು ಲೇಸೆಂದು ನಮಗೆ ತೋರುತ್ತದೆ. ನಮ್ಮ ಮುಧೋಳದ ನಾಯಿ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬಯಲಿನಲ್ಲಿ ಓಡಿ ಹಿಡಿಯುವ ಪ್ರಾಣಿ. ಅದಕ್ಕೆ ತಕ್ಕಂತೆ ಅದರ ಕಾಲುಗಳು ನೀಳ, ಎದೆ ಆಳ, ಮೈ ತೆಳು. ಟೆರಿಯರುಗಳದು ಇದಕ್ಕೆ ವಿರುದ್ಧವಾದ ವೃತ್ತಿ. ಭೂಮಿ ಎಂಬ ಅರ್ಥವುಳ್ಳ 'ಟೆರ್ರಾ' ಎಂಬ ಲ್ಯಾಟಿನ್ ಪದವೇ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ಈ ಹೆಸರಾಗಿದೆ. ನರಿ ಮುಂತಾದ ಪ್ರಾಣಿಗಳ ಬಿಲವನ್ನು ಹೊಕ್ಕು, ಕತ್ತಲೆಯಲ್ಲಿ ಒಂಟಿಯಾಗಿ ಹೋರಾಡಿ, ಅವನ್ನು ಹೊರಗಟ್ಟುವುದೇ ಇವುಗಳ ಕೆಲಸವಾಗಿತ್ತು. ಈ ಗುಂಪಿಗೆ ಸೇರಿದ ಸ್ಕಾಟ್ಲೆಂಡಿನ ಬಿಳಿಯ ಟೆರಿಯರನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಸ್ಕಾಟ್ಲೆಂಡಿನ ಪಶ್ಚಿಮ ತೀರದ ಆರ್ಗೈಲ್ ಸೀಮೆ ಇದರ ತವರು. ಅಲ್ಲಿನ ಪೋಲ್ಟಲ್ಲಾಕ್ ಎಂಬಲ್ಲಿನ ಜಮೀನುದಾರ ಕರ್ನಲ್ ಮಾಲ್ಕಂ ಒಮ್ಮೆ ಬೇಟೆಯಲ್ಲಿ ತನ್ನ ಕೆಂಬಣ್ಣದ ನಾಯಿಯನ್ನೇ ನರಿಯೆಂದು ಭ್ರಮಿಸಿ ಗುಂಡಿಕ್ಕಿದನೆಂದೂ, ಅಂದಿನಿಂದ ಬಿಳಿಯ ನಾಯಿಗಳನ್ನು ಮಾತ್ರ ಸಾಕತೊಡಗಿದನೆಂದೂ ಒಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ, ಪೊದೆಯ ನಡುವೆ ಬೇಗ ಕಣ್ಣಿಗೆ ಬೀಳುವ ಬಣ್ಣಕ್ಕೆ ಬೇಟೆಗಾರನು ಬೆಲೆ ಕೊಟ್ಟನೆಂಬುದು ಸಹಜವಾಗಿದೆ. 1907ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ಬು ಇದನ್ನು ಪ್ರತ್ಯೇಕ ತಳಿಯೆಂದು ಅಂಗೀಕರಿಸಿತು. ಆದರೆ ಕಾಗದದ ಮೇಲೆ ತಳಿ ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯಾಗಲಿಲ್ಲ. ನೆರೆಯ ಕೆರ್ನ್ ಟೆರಿಯರಿನೊಡನೆ ಇದರ ಕೂಡಿಕೆ ಆಮೇಲೂ ಕೆಲಕಾಲ ನಡೆದೇ ಇತ್ತು. ಅಮೆರಿಕದ ಕೆನಲ್ ಕ್ಲಬ್ಬು ಅದನ್ನು ತಡೆದದ್ದು 1917ರಲ್ಲಿ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಅದರಿಂದ ಪ್ರಯೋಜನವಿದೆ.

ಭುಜದವರೆಗೆ ಇದರ ಎತ್ತರ ಸುಮಾರು 28 ಸೆಂಟಿಮೀಟರು. ತೂಕ ಸಾಮಾನ್ಯವಾಗಿ 7ರಿಂದ 10 ಕಿಲೋಗ್ರಾಂ. ಮೈ ಚಿಕ್ಕದಾದರೂ ದವಡೆ ಬಲವಾದುದು, ಹಲ್ಲು ದೊಡ್ಡವು. ಬಾಲ ಗಿಡ್ಡ, ನೇರ, ಗಟ್ಟಿ. ಹೊರಗೂದಲು ಒರಟಾಗಿ ಸುಮಾರು 5 ಸೆಂಟಿಮೀಟರು ಉದ್ದವಿದ್ದು, ಅದರ ಕೆಳಗೆ ಮೃದುವಾದ ಒಳಗೂದಲು ದಟ್ಟವಾಗಿ ಬೆಳೆಯುತ್ತದೆ. ಬಿಳುಪು ಇಲ್ಲಿ ವರ್ಣಹೀನತೆಯ ಗುರುತಲ್ಲ: ಮೂಗು ಕಪ್ಪು, ಕಣ್ಣು ಕಪ್ಪು. ಎಂಸಿ1ಆರ್ ಎಂಬ ಜೀನಿನ ಸುಪ್ತರೂಪವು ತಾಯಿತಂದೆಗಳಿಬ್ಬರಿಂದಲೂ ಬಂದಾಗ ಕೂದಲಿನಲ್ಲಿ ಕಪ್ಪು ವರ್ಣದ್ರವ್ಯ ಉಂಟಾಗುವುದಿಲ್ಲ. ಉಳಿದ ಕೆಂಪು ವರ್ಣವೂ ತೆಳುವಾದಾಗ ಮೈ ಬಿಳಿಯಾಗಿ ಕಾಣುತ್ತದೆ. ಬಣ್ಣದ ನಾಯಿಗಳ ಮರಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಬಿಳಿಯ ಮರಿ ಹುಟ್ಟುವುದಕ್ಕೆ ಕಾರಣ ಇದೇ.

ಸುಪ್ತವಾಗಿ ಸಾಗಿಬರುವುದು ಬಣ್ಣವೊಂದೇ ಅಲ್ಲ. ಈ ತಳಿಯಲ್ಲಿ ಕ್ರಾಬೆ ರೋಗವೆಂಬ ಘೋರವಾದ ನರರೋಗವೊಂದಿದೆ. ನರತಂತುಗಳನ್ನು ಸುತ್ತುವರಿದ ಮಯಲಿನ್ ಎಂಬ ಹೊದಿಕೆಯ ಕೊಬ್ಬಿನಂಶಗಳನ್ನು ಕಾಲಕಾಲಕ್ಕೆ ಒಡೆಯುವ ಕಿಣ್ವವೊಂದು ಈ ಮರಿಗಳಲ್ಲಿ ಕೆಲಸಮಾಡುವುದಿಲ್ಲ. ಒಡೆಯದೆ ಉಳಿದ ವಿಷಪದಾರ್ಥ ಶೇಖರವಾಗಿ, ಹೊದಿಕೆಯನ್ನು ನೇಯುವ ಕೋಶಗಳೇ ಸಾಯುತ್ತವೆ. ಹುಟ್ಟುವಾಗ ಮರಿ ಆರೋಗ್ಯವಾಗಿಯೇ ಕಾಣುತ್ತದೆ. ಕೆಲವು ತಿಂಗಳು ತುಂಬುವಷ್ಟರಲ್ಲಿ ಹಿಂಗಾಲು ತಡವರಿಸುತ್ತದೆ, ತಲೆ ನಡುಗುತ್ತದೆ. ಸಾಮಾನ್ಯವಾಗಿ ವರ್ಷ ತುಂಬುವ ಮೊದಲೇ ಅದು ಸಾಯುತ್ತದೆ, ಇಲ್ಲವೆ ಅದಕ್ಕೆ ದಯಾಮರಣ ಕೊಡಬೇಕಾಗುತ್ತದೆ. ಇದಕ್ಕೆ ಕಾರಣವಾದ ಜೀನಿನ ದೋಷವನ್ನು 1996ರಲ್ಲಿ ಗುರುತಿಸಲಾಯಿತು. ಕೆರ್ನ್ ಟೆರಿಯರಿನಲ್ಲಿಯೂ ಅದೇ ದೋಷ ಕಂಡುಬಂದಿತು. ಎರಡು ತಳಿಗಳ ಹಳೆಯ ನಂಟು ಹೀಗೆ ಜೀನಿನಲ್ಲಿಯೂ ಬರೆದಿದೆ. ಮನುಷ್ಯರ ಎಳೆಗೂಸುಗಳಿಗೂ ಇದೇ ರೋಗ ಬರುವುದರಿಂದ, ಜೀನ್ ಚಿಕಿತ್ಸೆಯ ಪರೀಕ್ಷೆಗಳಲ್ಲಿ ರೋಗಿಷ್ಠ ನಾಯಿಗಳು ಮುಖ್ಯವಾದ ಸ್ಥಾನ ಪಡೆದಿವೆ.

ದೋಷದ ಒಂದು ಪ್ರತಿಯನ್ನು ಹೊತ್ತ ನಾಯಿಗೆ ರೋಗವಿಲ್ಲ. ಅಂಥ ಎರಡು ನಾಯಿಗಳು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿಗೆ ರೋಗ. ವಾಹಕವನ್ನು ನಿರ್ದೋಷಿಯೊಡನೆ ಕೂಡಿಸಿದರೆ ಒಂದಕ್ಕೂ ಇಲ್ಲ. ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯೇ ಪರೀಕ್ಷೆಗೆ ಸಾಕು. ಹಾಗೆಂದು ವಾಹಕಗಳನ್ನೆಲ್ಲ ವಂಶಾಭಿವೃದ್ಧಿಯಿಂದ ದೂರವಿಡುವ ಆತುರವನ್ನು ನಾವು ಒಪ್ಪಲಾರೆವು. ಮೊದಲೇ ಕಿರಿದಾದ ವಂಶಸಮೂಹವನ್ನು ಮತ್ತಷ್ಟು ಕಿರಿದುಮಾಡಿದರೆ, ಇನ್ನೂ ಹೆಸರಿಲ್ಲದ ಬೇರೊಂದು ದೋಷ ತಲೆಯೆತ್ತಬಹುದು. ನಮ್ಮ ದೇಶದಲ್ಲಿ ಮರಿಯನ್ನು ಕೊಳ್ಳುವವರು ವಂಶಾವಳಿಯ ಪತ್ರವನ್ನು ಕೇಳುತ್ತಾರೆಯೇ ಹೊರತು ಈ ಪರೀಕ್ಷೆಯ ಫಲಿತಾಂಶವನ್ನು ಕೇಳುವವರು ವಿರಳ.

ಬೆಳೆಯುವ ಮರಿಯ ದವಡೆಯೆಲುಬು ಊದಿ ಬಾಯಿ ತೆರೆಯಲು ನೋವಾಗುವ ಇನ್ನೊಂದು ರೋಗವಿದೆ. ಅದಕ್ಕೆ ಸಂಬಂಧಿಸಿದ ಜೀನಿನ ದೋಷವೂ 2016ರಲ್ಲಿ ತಿಳಿದುಬಂದಿತು. ಮೆತ್ತನೆಯ ಆಹಾರ, ನೋವುಶಮನದ ಔಷಧಗಳಿಂದ ಕಾಲ ತಳ್ಳಿದರೆ ಬೆಳವಣಿಗೆ ಮುಗಿಯುವಾಗ ಅನೇಕ ಮರಿಗಳಲ್ಲಿ ಅದು ತಾನೇ ನಿಲ್ಲುತ್ತದೆ. ವಯಸ್ಸಾದ ನಾಯಿಗಳ ಶ್ವಾಸಕೋಶ ಗಡುಸಾಗುವ ರೋಗಕ್ಕೆ ಮಾತ್ರ ಗುಣಪಡಿಸುವ ಔಷಧವಿಲ್ಲ.

ಆದರೆ ಸಾಕುವವನನ್ನು ದಿನನಿತ್ಯ ಕಾಡುವುದು ಚರ್ಮ. ಧೂಳಿನ ನುಸಿ, ಪರಾಗ ಮುಂತಾದವು ಒಗ್ಗದೆ ಬರುವ ತುರಿಕೆ ಈ ತಳಿಯಲ್ಲಿ ಬಹಳ ಹೆಚ್ಚು. ಬಹುಮಟ್ಟಿಗೆ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ನಾಯಿ ಪಾದವನ್ನು ಬಿಡದೆ ನೆಕ್ಕುವುದು, ಬಿಳಿಯ ಕೂದಲು ಜೊಲ್ಲಿನಿಂದ ಕಂದಾಗುವುದು, ಕಿವಿ ಕೆರೆದುಕೊಳ್ಳುವುದು ಇದರ ಮೊದಲ ಚಿಹ್ನೆಗಳು. ತೇವದ ಹವೆಯಲ್ಲಿ ಅದರ ಮೇಲೆ ಯೀಸ್ಟ್ ಜಾತಿಯ ಸೋಂಕು ಸೇರಿ ನಾತ ಹೊಡೆಯುತ್ತದೆ. ಬಿಳುಪಿನ ಆಸೆಯಿಂದ ಮನುಷ್ಯರ ಸಾಬೂನಿನಲ್ಲಿ ಮತ್ತೆ ಮತ್ತೆ ತೊಳೆಯುವುದು ಚರ್ಮವನ್ನು ಒಣಗಿಸಿ ಕೆಡಕನ್ನು ಹೆಚ್ಚಿಸುತ್ತದೆ. ವಾರಕ್ಕೆ ಕೆಲವು ಸಲ ಬಾಚುವುದು, ಸತ್ತ ಹೊರಗೂದಲನ್ನು ಕೈಯಿಂದ ಕಿತ್ತು ತೆಗೆಯುವುದು, ಚಿಗಟ ಬರದಂತೆ ನೋಡಿಕೊಳ್ಳುವುದು ಮುಖ್ಯ. ತುರಿಕೆ ನಿಲ್ಲದಿದ್ದರೆ ಪಶುವೈದ್ಯರು ಹೇಳಿದ ತೊಳೆಯುವ ಔಷಧವನ್ನೇ ಬಳಸಬೇಕು. ಚಳಿನಾಡಿನ ಈ ಪ್ರಾಣಿಯನ್ನು ನಮ್ಮ ಬೇಸಗೆಯಲ್ಲಿ ಮುಂಜಾನೆ, ಸಂಜೆ ಮಾತ್ರ ನಡೆಸಬೇಕು. ತೋಟವನ್ನು ಅಗೆದರೆ ಸಿಟ್ಟಾಗುವುದು ವ್ಯರ್ಥ. ಇಲಿ ಕಂಡರೆ ಕರೆದರೂ ಬಾರದ ಸ್ವಭಾವವಾದ್ದರಿಂದ ಬೀದಿಯಲ್ಲಿ ಸರಪಣಿ ಬಿಚ್ಚಬಾರದು.