ಒಂದು ಶಾಲೆಯ ವಿಷಯವಾದ ಎರಡು ಟೆಲಿವಿಷನ್ ನಾಟಕಗಳು

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕರಿಯ ಜನಾಂಗದವರು ಸಮಾನವಾದ ಹಕ್ಕುಗಳಿಗಾಗಿ ನಡಿಸಿದ ಹೋರಾಟವನ್ನು ಕುರಿತು ಆ ದೇಶದ ಟೆಲಿವಿಷನ್ನಿನಲ್ಲಿ ಅನೇಕ ನಾಟಕಗಳು ಪ್ರದರ್ಶಿಸಲ್ಪಟ್ಟಿವೆ. ಅವುಗಳಲ್ಲಿ ಎರಡು ಒಂದೇ ಶಾಲೆಯ, ಒಂದೇ ವರುಷದ ಕಥೆಯನ್ನು ಹೇಳುವುವು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳೂ ನಮ್ಮಲ್ಲಿ ಕಲಿತು ಹೋದವರೂ ಇವುಗಳ ವಿಷಯವನ್ನು ಅರಿಯುವುದು ಉಚಿತವೆಂದು ನಾವು ಎಣಿಸುತ್ತೇವೆ.

ಬಿಳಿಯ ಮಕ್ಕಳಿಗೂ ಕರಿಯ ಮಕ್ಕಳಿಗೂ ಬೇರೆ ಬೇರೆ ಸರಕಾರೀ ಶಾಲೆಗಳನ್ನಿಡುವುದು ಸಲ್ಲದೆಂದು ಆ ದೇಶದ ಶ್ರೇಷ್ಠ ನ್ಯಾಯಾಲಯವು 1954ರಲ್ಲಿ ತೀರ್ಪು ಕೊಟ್ಟಿತು. 1957ರ ಸೆಪ್ಟೆಂಬರಿನಲ್ಲಿ ಅರ್ಕನ್ಸಾ ಸಂಸ್ಥಾನದ ಲಿಟಲ್ ರಾಕ್ ಪಟ್ಟಣದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕರಿಯ ಮಕ್ಕಳು ಹೊರಟರು. ಅವರಲ್ಲಿ ಆರು ಮಂದಿ ಹುಡುಗಿಯರು. ಗವರ್ನರರು ಸಿಪಾಯಿಗಳನ್ನಿಟ್ಟು ಅವರನ್ನು ತಡೆಯಿಸಿದರು. ಎಲ್ಲರೂ ಕೂಡಿ ಹೋಗತಕ್ಕದ್ದೆಂಬ ಸುದ್ದಿಯು ಎಲಿಜಬೆತ್ ಎಕ್‌ಫರ್ಡ್ ಎಂಬ ಹದಿನೈದು ವರುಷದ ಹುಡುಗಿಗೆ ಮುಟ್ಟಲಿಲ್ಲ. ಅವಳ ಮನೆಯಲ್ಲಿ ಟೆಲಿಫೋನ್ ಇರಲಿಲ್ಲ. ಕೂಗಾಡುವ ಜನರ ನಡುವೆ ಅವಳು ಒಬ್ಬಳೇ ನಡೆದಳು. ಅಧ್ಯಕ್ಷ ಐಸನ್‌ಹೋವರರು ಸೈನ್ಯವನ್ನು ಕಳುಹಿಸಿದ ಮೇಲೆಯೇ ಈ ಮಕ್ಕಳು ನಿರ್ಬಾಧೆಯಿಂದ ಶಾಲೆಯನ್ನು ಪ್ರವೇಶಿಸಿದರು. ಒಳಗೆ ಬಾಧೆಯು ತಪ್ಪಲಿಲ್ಲವೆಂಬುದೇ ಮುಂದಿನ ಕಥೆ.

1981ರಲ್ಲಿ ತೋರಿಸಲ್ಪಟ್ಟ 'ಕ್ರೈಸಿಸ್ ಅಟ್ ಸೆಂಟ್ರಲ್ ಹೈ' ಎಂಬ ನಾಟಕವು ಎಲಿಜಬೆತ್ ಹಕಬಿ ಎಂಬಾಕೆಯ ಗ್ರಂಥವನ್ನು ಅನುಸರಿಸಿದುದು. ಆಕೆ ಬಿಳಿಯ ಉಪಾಧ್ಯಾಯಿನಿ. ಹುಡುಗಿಯರ ಮೇಲ್ವಿಚಾರಣೆಗಿದ್ದ ವೈಸ್ ಪ್ರಿನ್ಸಿಪಾಲ್. ನೂಕಿದರು, ಒದ್ದರು ಎಂಬ ದೂರುಗಳು ಆಕೆಯ ಬಳಿಗೆ ಬರುತ್ತಿದ್ದುವು. ದೊಡ್ಡವರೊಬ್ಬರು ಕಣ್ಣಾರೆ ಕಂಡ ಹೊರತು ದಂಡನೆಯಿಲ್ಲವೆಂಬುದು ಶಾಲೆಯ ಕ್ರಮ. ಕೇಳುವುದಕ್ಕೆ ಪಕ್ಷಪಾತವಿಲ್ಲದ ಕ್ರಮವೇ! ಆದರೆ ಪೀಡಿಸುವವರು ದೊಡ್ಡವರು ಕಾಣುವಂತೆ ಪೀಡಿಸುವರೇ? ದಾರಿಗಡ್ಡವಾದ ಹುಡುಗರ ಮೇಲೆ ಮಿನ್ನಿಜೀನ್ ಬ್ರೌನ್ ಎಂಬವಳು ಊಟದ ತಟ್ಟೆಯನ್ನು ಕೆಡವಿದುದನ್ನು ಮಾತ್ರ ಎಲ್ಲರೂ ಕಂಡರು. ಅವಳಿಗೆ ದಂಡನೆಯಾಯಿತು, 1958ರ ಫೆಬ್ರುವರಿಯಲ್ಲಿ ಶಾಲೆಯಿಂದಲೇ ಹೊರಹಾಕಲ್ಪಟ್ಟಳು. "ನೋಡಿದವರು ಯಾರಮ್ಮಾ?" ಎಂದು ಅಳುತ್ತ ಬಂದ ಮಕ್ಕಳನ್ನು ನಾವೂ ಎಷ್ಟೋ ಸಲ ಕೇಳಿ ಹಿಂದಕ್ಕೆ ಕಳುಹಿಸಿದ್ದೇವೆ. ಈ ಕಥೆಯನ್ನು ತಿಳಿದ ಮೇಲೆ ಆ ಪ್ರಶ್ನೆಯು ನಮ್ಮ ಬಾಯಿಂದ ಅಷ್ಟು ಸುಲಭವಾಗಿ ಹೊರಡದು.

ಎರಡನೆಯದು 1993ರ 'ದಿ ಅರ್ನೆಸ್ಟ್ ಗ್ರೀನ್ ಸ್ಟೋರಿ'. ಮೊದಲಿನದು ಉಪಾಧ್ಯಾಯಿನಿಯ ಮೇಜಿನಿಂದ ಕಂಡ ಶಾಲೆಯಾದರೆ ಇದು ವಿದ್ಯಾರ್ಥಿಯ ಬೆಂಚಿನಿಂದ ಕಂಡದ್ದು. ಒಂಬತ್ತು ಮಂದಿಯಲ್ಲಿ ಕೊನೆಯ ತರಗತಿಯಲ್ಲಿದ್ದವನು ಗ್ರೀನ್ ಒಬ್ಬನೇ. 1958ರ ಮೇ ತಿಂಗಳಲ್ಲಿ ಅವನು ಉತ್ತೀರ್ಣನಾದಾಗ ಸಭೆಯಲ್ಲಿ ಮಾರ್ಟಿನ್ ಲೂಥರ್ ಕಿಂಗರು ಕುಳಿತಿದ್ದರು. ಮಿಕ್ಕವರಿಗೆ ದೊರೆತ ಚಪ್ಪಾಳೆಯು ತನಗೆ ದೊರೆಯಲಿಲ್ಲವೆಂದು ಗ್ರೀನರೇ ಮುಂದೆ ಹೇಳಿರುವರು.

ಎರಡನ್ನೂ ನಾವು ಮೆಚ್ಚುತ್ತೇವೆ. ಆದರೂ ಒಂದು ಕೊರತೆಯನ್ನು ಹೇಳದಿರಲಾರೆವು. ಒಂದಕ್ಕೆ ಬಿಳಿಯ ಉಪಾಧ್ಯಾಯಿನಿ ನಾಯಿಕೆ, ಇನ್ನೊಂದಕ್ಕೆ ಹುಡುಗನು ನಾಯಕ; ಆ ಆರು ಮಂದಿ ಹುಡುಗಿಯರಲ್ಲಿ ಒಬ್ಬಳಿಗೂ ಆ ಸ್ಥಾನವಿಲ್ಲ. ಕರಿಯ ಬಾಲಿಕೆಯೇ ಕಥೆಯ ನಡುವೆ ನಿಲ್ಲುವುದನ್ನು ಕಾಣಬೇಕಾದರೆ 1998ರ 'ರೂಬಿ ಬ್ರಿಜಸ್' ಎಂಬ ನಾಟಕಕ್ಕೆ ಹೋಗಬೇಕು. 1960ರಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದ ಬಿಳಿಯರ ಶಾಲೆಗೆ ಸೇರಿದ ಆರು ವರುಷದ ಆ ಮಗುವಿನೊಡನೆ ತಮ್ಮ ಮಕ್ಕಳು ಕೂಡದಂತೆ ಬಿಳಿಯ ತಾಯಿತಂದೆಗಳು ನೋಡಿಕೊಂಡರು. ಬಾರ್ಬರಾ ಹೆನ್ರಿ ಎಂಬ ಉಪಾಧ್ಯಾಯಿನಿಯು ಬರಿದಾದ ಆ ಕೊಠಡಿಯಲ್ಲಿ ರೂಬಿ ಒಬ್ಬಳಿಗೇ ವರುಷವೆಲ್ಲಾ ಪಾಠ ಹೇಳಿದಳು.